ಸಿಡಿಲು ಬರುವ ಮುಂಚೆ ಸರ್ವರ್ ರೂಮಿಗೆ ಏನೇನು ಮಾಡಬೇಕು?

ಕಾಸರಗೋಡು ಕಡೆ ಜೂನ್ ಮಳೆಗಿಂತ ನನಗೆ ಜಾಸ್ತಿ ಹೆದರಿಕೆ ಅಕ್ಟೋಬರಿನ ಸಂಜೆ ಗುಡುಗಿನದ್ದು. ಬದಿಯಡ್ಕದ ಹತ್ತಿರ ನಾನು ನೋಡಿಕೊಳ್ಳುತ್ತಿದ್ದ ಒಂದು ಪುಟ್ಟ ಸರ್ವರ್ ರೂಮಿಗೆ ಒಮ್ಮೆ ಸಿಡಿಲು ಹೊಕ್ಕಿತು. ಕರೆಂಟ್ ಲೈನಿಗೆ ಸರ್ಜ್ ಪ್ರೊಟೆಕ್ಟರ್, ಅಂದರೆ ವೋಲ್ಟೇಜ್ ಒಮ್ಮೆಗೇ ಏರಿದರೆ ತಡೆಯುವ ಸಾಧನ ಇತ್ತು, ಅದಕ್ಕೇ ಧೈರ್ಯವಾಗಿದ್ದೆವು. ಸಿಡಿಲು ಬಂದದ್ದು ಪಕ್ಕದ ಕಟ್ಟಡಕ್ಕೆ ಎಳೆದಿದ್ದ ನೆಟ್‌ವರ್ಕ್ ಕೇಬಲಿನಲ್ಲಿ! ಸರ್ವರ್ ಹೋಯಿತು, ಅದಕ್ಕೇ ಸಿಕ್ಕಿಸಿಟ್ಟಿದ್ದ ಬ್ಯಾಕಪ್ ಡಿಸ್ಕೂ ಹೋಯಿತು.

ಹಾಗಾಗಿ ಸಾಮಾನು ಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ತಡೆದುಕೊಳ್ಳಬಹುದು? ಇದು ಆರ್‌ಪಿಒ. ಎಷ್ಟು ಹೊತ್ತಿನಲ್ಲಿ ಎಲ್ಲ ಮತ್ತೆ ಶುರುವಾಗಬೇಕು? ಇದು ಆರ್‌ಟಿಒ, ಗಾಡಿ ರಿಜಿಸ್ಟ್ರೇಶನ್ ಆಫೀಸಲ್ಲ. ದಿನವಿಡೀ ಅಡಿಕೆ ತೂಗಿ ಎಂಟ್ರಿ ಹಾಕುವ ಕಡೆ ಬ್ಯಾಕಪ್ ರಾತ್ರಿ ಮಾತ್ರ ಆಗುತ್ತದೆ ಎಂದಿಟ್ಟುಕೊಳ್ಳಿ. ಸಂಜೆ ಐದಕ್ಕೆ ಸಿಡಿಲು ಬಡಿದರೆ ಇಡೀ ದಿನದ ಲೆಕ್ಕ ಹೋಯಿತು. ತೂಕದ ಚೀಟಿ ಇದ್ದರೆ ಮತ್ತೆ ಟೈಪ್ ಮಾಡಬಹುದು, ಇಲ್ಲದಿದ್ದರೆ ಗಂಟೆಗೊಮ್ಮೆ ಬ್ಯಾಕಪ್ ಬೇಕೇ ಬೇಕು.

ಆಮೇಲೆ ಪ್ರತಿಗಳು. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ದೂರದಲ್ಲಿ. ದೂರ ಅಂದರೆ ಮಂಗಳೂರಲ್ಲ, ಅದು ಇಲ್ಲಿಂದ ಬರೀ 50 ಕಿಲೋಮೀಟರ್, ಅದೇ ಕಡಲು, ಅದೇ ಮಳೆ. ಘಟ್ಟದ ಮೇಲೆ ಕಳಿಸಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಕೆಲವು ಗ್ರಾಹಕರಿಗೆ ಎರಡೂ ಇಲ್ಲವಾಯಿತು. ಒಂದು ಪ್ರತಿಯ ವೈರ್ ಕಿತ್ತೇ ಇಡಿ. ಸದಾ ಸಿಕ್ಕಿಸಿಟ್ಟರೆ ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್, ಅದನ್ನೂ ಬಿಡುವುದಿಲ್ಲ.

ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಹಾಕಿಸಿ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಒಳಗೆ ಲೋಹದ ತಂತಿ ಇಲ್ಲದ ಕೇಬಲ್ಲೇ ಆಗಬೇಕು. ಅರ್ತಿಂಗನ್ನು ಏಪ್ರಿಲಿನಲ್ಲಿ ಅಳೆಸಿ. ಮಳೆಗಾಲದಲ್ಲಿ ನೆಲ ನೆನೆದಿರುತ್ತದೆ, ಆಗ ಯಾವ ಅರ್ತಿಂಗೂ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಮುರಕಲ್ಲಿನ ನೆಲ ಒಣಗಿ ಕಾದಾಗಲೇ ನಿಜ ಗೊತ್ತಾಗುವುದು, ಬೇಸಗೆಯ ಸಿಡಿಲು ಬರುವುದೂ ಆಗಲೇ ಅಲ್ವಾ?

ಜನರೇಟರ್ ಮೇಲಿನ ಮಹಡಿಯಲ್ಲಿದ್ದರೆ ಸಾಲದು, ಅದಕ್ಕೆ ಡೀಸೆಲ್ ಏರಿಸುವ ಪಂಪ್ ಎಲ್ಲಿದೆ ನೋಡಿ. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕಿನ ಒಂದು ಕಟ್ಟಡದ ನೆಲಮಾಳಿಗೆಗೆ ನೀರು ನುಗ್ಗಿ ಪಂಪ್ ನಿಂತಿತು. ಜನ ಬಕೆಟಿನಲ್ಲಿ 17 ಮಹಡಿ ಡೀಸೆಲ್ ಹೊತ್ತರು.

ಕೊನೆಗೆ, ಯಾರೂ ಮಾಡದ ಕೆಲಸ. ಮೂರು ತಿಂಗಳಿಗೊಮ್ಮೆ ಗಡಿಯಾರ ನೋಡಿಕೊಂಡು ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿಗೆ ರಿಸ್ಟೋರ್ ಮಾಡಿ, ಅಂದರೆ ಅದರಿಂದ ಎಲ್ಲವನ್ನೂ ಮತ್ತೆ ಎಬ್ಬಿಸಿ ನೋಡಿ, ಅದೂ ಬ್ಯಾಕಪ್ ತೆಗೆಯುವವರಲ್ಲ, ಬೇರೆಯವರು. ಯಾರಿಗೆ ಫೋನ್ ಮಾಡಬೇಕು, ಯಾವುದು ಮೊದಲು ಆನ್ ಆಗಬೇಕು ಎಂಬುದನ್ನು ಕಾಗದದಲ್ಲಿ ಬರೆದಿಡಿ, ಕನ್ನಡದಲ್ಲೂ ಮಲಯಾಳದಲ್ಲೂ, ಯಾಕೆಂದರೆ ಆ ರಾತ್ರಿ ಬರುವ ಎಲೆಕ್ಟ್ರಿಷಿಯನ್ ಯಾವುದು ಓದುತ್ತಾನೋ ಗೊತ್ತಿಲ್ಲ. ನಮ್ಮ ಮೊದಲ ಪ್ರಯೋಗಕ್ಕೆ ಒಂಬತ್ತು ಗಂಟೆ ಹಿಡಿಯಿತು. ಅದರಲ್ಲಿ ಎರಡು ಗಂಟೆ ಪಾಸ್‌ವರ್ಡ್ ಹುಡುಕಿದ್ದೇ ಆಯಿತು. ಅದನ್ನು ಸುಟ್ಟುಹೋದ ಸರ್ವರಿನಲ್ಲೇ ಬರೆದಿಟ್ಟಿದ್ದೆವು.