ಕುದ್ರುವಿನಿಂದ 40 ಮೀಟರ್ ಬ್ಯಾಂಡ್: ನೀರಿನ ಮೇಲೆ ರೇಡಿಯಲ್ ತೇಲಿಸಿದ ನನ್ನ ಅನುಭವ

ನಾನು ಹ್ಯಾಮ್, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ದೂರದವರನ್ನು ಸಂಪರ್ಕಿಸುವವನು. ನಮ್ಮ ಕುದ್ರು, ಅಂದರೆ ನದಿಯ ನಡುವಿನ ದ್ವೀಪ, ದೊಡ್ಡದಲ್ಲ. ಎರಡು ಎಕರೆ ಚಿಲ್ಲರೆ. ಸುವರ್ಣಾ ನದಿ ಕೋಡಿ ಬೆಂಗ್ರೆಯಲ್ಲಿ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು ಸಿಗುತ್ತದೆ. ಅಜ್ಜನ ಕಾಲದ ತೆಂಗು ಬಿಟ್ಟರೆ ಅಲ್ಲಿ ಏನೂ ಇಲ್ಲ. ಕರೆಂಟೂ ಇಲ್ಲ. ನನಗೆ ಬೇಕಾಗಿದ್ದು ಅದೇ. ಪೇಟೆಯ ಮನೆಯಲ್ಲಿ 40 ಮೀಟರಿನಲ್ಲಿ (7 ಮೆಗಾಹರ್ಟ್ಸ್ ಸುತ್ತಲಿನ ರೇಡಿಯೋ ಬ್ಯಾಂಡ್) ನಾಯ್ಸ್, ಅಂದರೆ ಗದ್ದಲ, ರಿಸೀವರಿನ ಸಿಗ್ನಲ್ ಮಾಪಕದಲ್ಲಿ ಎಸ್8, ಸಂಜೆ ಎಲ್ಲರ ಎಲ್‌ಇಡಿ ಬಲ್ಬು ಹತ್ತಿದ ಮೇಲೆ ಎಸ್9. ಕುದ್ರುವಿನಲ್ಲಿ ಹಗಲು ಎಸ್1. ರಾತ್ರಿ ದೂರದ ಸಿಡಿಲಿನ ಕರಕರ ಮಾತ್ರ.

ಐಒಟಿಎ (ದ್ವೀಪಗಳ ಸಂಪರ್ಕಕ್ಕೆ ಹ್ಯಾಮ್‌ಗಳಿಗೆ ಕೊಡುವ ಪ್ರಶಸ್ತಿ) ಆಸೆಯಿಂದ ಹೋದವನಲ್ಲ ನಾನು. ನದಿಯ ದ್ವೀಪಕ್ಕೆ ಅಲ್ಲಿ ಲೆಕ್ಕ ಇಲ್ಲ, ಸಮುದ್ರದ್ದೇ ಆಗಬೇಕು. ನನಗೆ ಬೇಕಾಗಿದ್ದು ಪಶ್ಚಿಮಕ್ಕೆ ಕಡಿಮೆ ಕೋನದ, ಅಂದರೆ ದಿಗಂತದ ಹತ್ತಿರ ಹೊರಟು ದೂರ ಮುಟ್ಟುವ ಸಿಗ್ನಲ್. ಉಪ್ಪು ನೀರಿನ ಅಂಚಿನಲ್ಲಿ ವರ್ಟಿಕಲ್ (ನೆಟ್ಟಗೆ ನಿಲ್ಲುವ ಆಂಟೆನಾ) ನಿಲ್ಲಿಸುತ್ತೇನೆ ಅಂದಾಗ ನಮ್ಮ ಹಿರಿಯ ಹ್ಯಾಮ್ ಒಬ್ಬರು, 'ವರ್ಟಿಕಲ್ ಅಂದರೆ ಎಲ್ಲಾ ದಿಕ್ಕಿಗೂ ಒಂದೇ ಸಮ ಕೆಟ್ಟದಾಗಿ ಹೋಗುವ ಆಂಟೆನಾ, ಸುಮ್ನೆ ತೆಂಗಿಗೆ ಡೈಪೋಲ್ ಕಟ್ಟು' ಅಂದರು. ಅವರ ಮೇಲೆ ಗೌರವ ಇದೆ. ಹಾಗಾಗಿ ಮೊದಲು ಡೈಪೋಲನ್ನೇ, ಅಂದರೆ ಮಧ್ಯದಲ್ಲಿ ಕೇಬಲ್ ಸೇರಿಸಿ ಅಡ್ಡ ಎಳೆಯುವ ವೈರನ್ನೇ ಕಟ್ಟಿದೆ.

ಎರಡು ಮರಗಳ ನಡುವೆ, ಒಂಬತ್ತು ಮೀಟರ್ ಎತ್ತರ. ಬೆಂಗಳೂರು, ಕೊಚ್ಚಿ, ಚೆನ್ನೈ ಎಲ್ಲ ಗಟ್ಟಿಯಾಗಿ ಬಂದವು. ಯುರೋಪು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೂರು ವಾರಕ್ಕೆ ಒಣ ಸೋಗೆ ಬಿದ್ದು ವೈರು ತುಂಡಾಯಿತು. ಇನ್ನೊಮ್ಮೆ ಕಾಯಿ ಬಿದ್ದು ಬಾಲುನ್ (ಕೇಬಲನ್ನು ಆಂಟೆನಾಕ್ಕೆ ಹೊಂದಿಸುವ ಭಾಗ) ಡಬ್ಬಿಯೇ ಒಡೆದುಹೋಯಿತು.

ಆಮೇಲೆ ವರ್ಟಿಕಲ್. ತೋಟದ ಮರಳಿನಲ್ಲಿ ಹದಿನಾರು ತಾಮ್ರದ ರೇಡಿಯಲ್ (ಆಂಟೆನಾದ ಬುಡದಿಂದ ಹರಡಿ ಗ್ರೌಂಡಿನ ಕೆಲಸ ಮಾಡುವ ವೈರು) ಹೂತೆ. ತಾಮ್ರಕ್ಕೇ ಆರು ಸಾವಿರದ ಹತ್ತಿರ ಹೋಯಿತು. ಐದು ತಿಂಗಳಿಗೆ ಕೈಯಲ್ಲಿ ಹಿಡಿದರೆ ಹಸಿರು ಪುಡಿ. ರೇಡಿಯೋದಿಂದ ಆಂಟೆನಾಕ್ಕೆ ಹೋಗುವ ಕೋಯಾಕ್ಸ್ ಕೇಬಲಿನಲ್ಲೂ ಏಟು ತಿಂದೆ. ಅಂಗಡಿಯವನು ಆರ್‌ಜಿ-213 (ಒಳಗೆ ಪೂರ್ತಿ ತಾಮ್ರ ಇರಬೇಕಾದ ಬಗೆ) ಅಂತ ಕೊಟ್ಟ ಕೇಬಲ್ ಕೊಯ್ದು ನೋಡಿದರೆ ಒಳಗೆ ತಾಮ್ರ ಸವರಿದ ಅಲ್ಯೂಮಿನಿಯಂ. ಅದೊಂದು ಏಳು ಸಾವಿರ.

ಮೂರನೆಯ ತಪ್ಪು ಪೂರ್ತಿ ನನ್ನದೇ. ಉಪ್ಪು ನೀರೇ ಒಳ್ಳೆಯ ಗ್ರೌಂಡ್ ಅಲ್ವಾ ಅಂತ ತಾಮ್ರದ ಬಲೆಗೆ ಕಲ್ಲು ಕಟ್ಟಿ ನದಿಯ ತಳಕ್ಕೆ ಇಳಿಸಿದೆ. ಇಳಿತದಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದಿದೆ ಅನ್ನುವ ಅಳತೆ, 1 ಇದ್ದರೆ ಪೂರ್ತಿ ಸರಿ) 1.4. ಖುಷಿಯಿಂದ ಮನೆಗೆ ಫೋನ್ ಕೂಡ ಮಾಡಿದೆ. ಉಬ್ಬರ ಬಂದಾಗ ಮೂರು ದಾಟಿತು. ಎರಡು ವಾರ ಕನೆಕ್ಟರ್ ಬಿಚ್ಚಿ ಹಾಕಿ ಮಾಡಿದೆ. ಕೊನೆಗೆ ಲೆಕ್ಕ ಹಾಕಿ ನೋಡಿದೆ: 7 ಮೆಗಾಹರ್ಟ್ಸ್‌ನಲ್ಲಿ ಸಮುದ್ರದ ನೀರಿನ ಸ್ಕಿನ್ ಡೆಪ್ತ್ (ರೇಡಿಯೋ ಅಲೆ ನೀರಿನೊಳಗೆ ಇಳಿಯುವ ಆಳ) 8-9 ಸೆಂಟಿಮೀಟರ್ ಮಾತ್ರ. ಒಂದು ಗೇಣು ಕೂಡ ಇಲ್ಲ! ತಳದಲ್ಲಿ ಎಷ್ಟು ತಾಮ್ರ ಸುರಿದರೂ ರೇಡಿಯೋಗೆ ಅದು ಕಾಣುವುದೇ ಇಲ್ಲ. ಕೆಲಸ ನಡೆಯುವುದೆಲ್ಲ ನೀರಿನ ಮೈ ಮೇಲೆ.

ಆಗ ರೇಡಿಯಲ್‌ಗಳನ್ನು ನೀರಿನಿಂದ ಮೇಲಕ್ಕೆ ಎತ್ತಿದೆ. ಎರಡೇ ಎರಡು, ತಲಾ ಹತ್ತು ಮೀಟರ್ ಚಿಲ್ಲರೆ, ಬಿದಿರಿನ ಗೂಟದ ಮೇಲೆ. ಫಲಿತಾಂಶ ತಕ್ಷಣ ಕಂಡಿತು. ಆದರೆ ನಮ್ಮಲ್ಲಿ ನೀರು ಒಂದು ಮೀಟರಿಗಿಂತ ಜಾಸ್ತಿ ಏರಿ ಇಳಿಯುತ್ತದೆ. ನೀರು ಹತ್ತಿರ ಬಂದಷ್ಟೂ ರೆಸೊನೆನ್ಸ್ (ಆಂಟೆನಾ ಹೊಂದುವ ಫ್ರೀಕ್ವೆನ್ಸಿ) ಕೆಳಗೆ ಜಾರುತ್ತಿತ್ತು. ದೊಡ್ಡ ಉಬ್ಬರದ ದಿನ 50-60 ಕಿಲೋಹರ್ಟ್ಸ್. ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಂಡು ಟ್ಯೂನರ್ ತಿರುಗಿಸುವ ಸ್ಥಿತಿ. ಬೆಳಗಿನ ಜಾವ ಬ್ರೆಜಿಲ್ ಕೇಳುವ ಇಪ್ಪತ್ತು ನಿಮಿಷದಲ್ಲಿ ಅದಕ್ಕೆಲ್ಲ ಪುರುಸೊತ್ತು ಎಲ್ಲಿ?

ಪರಿಹಾರ ಸಿಕ್ಕಿದ್ದು ಬಲೆ ಹಾಕುವವರನ್ನು ನೋಡಿ. ಬಲೆಗೆ ಕಟ್ಟುವ ಬೆಂಡನ್ನೇ ತಂದು, ಅದರ ಮೇಲೆ ಪಿವಿಸಿ ಕಾಲು ನಿಲ್ಲಿಸಿ, ರೇಡಿಯಲ್ ನೀರಿನಿಂದ ಯಾವಾಗಲೂ ಒಂದು ಮೊಳ ಮೇಲೆ ಇರುವ ಹಾಗೆ ಮಾಡಿದೆ. ನೀರು ಏರಿದರೆ ಅದೂ ಏರುತ್ತದೆ. ಫೀಡ್ ಪಾಯಿಂಟ್ (ಕೇಬಲ್ ಆಂಟೆನಾಕ್ಕೆ ಸೇರುವ ಜಾಗ) ಸಹ ಕಂಬದ ಮೇಲೆ ಜಾರುತ್ತದೆ. ಅದು ಏರಿದಾಗ ವರ್ಟಿಕಲ್ ವೈರು ಮೇಲೆ ಸಡಿಲ ಆಗಬೇಕಲ್ವಾ? ಆಗುವುದಿಲ್ಲ. ಅದನ್ನು ಹೇಗೆ ಕಟ್ಟಿದ್ದೇನೆ ಅಂತ ಇಲ್ಲಿ ಬರೆಯುವುದಿಲ್ಲ. ಆರು ತಿಂಗಳು ತಲೆ ಕೆಡಿಸಿಕೊಂಡು ಕಂಡುಕೊಂಡಿದ್ದು. ದೋಣಿ ಹತ್ತಿ ಬಂದವರಿಗೆ ಖಂಡಿತ ತೋರಿಸುತ್ತೇನೆ. ಈಗ ಉಬ್ಬರವೋ ಇಳಿತವೋ, ಎಸ್‌ಡಬ್ಲ್ಯುಆರ್ 1.3 ದಾಟಿಲ್ಲ.

ಬಾಯಿಮಾತಿನಲ್ಲಿ ಯಾರೂ ನಂಬುವುದಿಲ್ಲ ಅಂತ ಗೊತ್ತಿತ್ತು. ಡಬ್ಲ್ಯುಎಸ್‌ಪಿಆರ್ (ಸಣ್ಣ ಸಿಗ್ನಲ್ ಎಲ್ಲಿ ಎಷ್ಟು ಕೇಳಿತು ಅಂತ ಕೇಳಿದ ಸ್ಟೇಷನ್‌ಗಳೇ ಇಂಟರ್ನೆಟ್ಟಿಗೆ ವರದಿ ಹಾಕುವ ಪದ್ಧತಿ) ಹಾಕಿದೆ, 200 ಮಿಲಿವ್ಯಾಟ್. ಒಂದು ಸರದಿ ಡೈಪೋಲ್, ಮುಂದಿನ ಸರದಿ ವರ್ಟಿಕಲ್, ಹತ್ತು ರಾತ್ರಿ. ಯುರೋಪಿನ ಕಡೆ ವರ್ಟಿಕಲ್ ಸುಮಾರು 7-8 ಡಿಬಿ ಮುಂದೆ, ಅಂದರೆ ಐದಾರು ಪಟ್ಟು ಶಕ್ತಿ. ಮೈಸೂರು, ಬೆಂಗಳೂರಿಗೆ ಡೈಪೋಲೇ ಮೇಲು, ಅದನ್ನೂ ಒಪ್ಪುತ್ತೇನೆ. ಆ ಹಿರಿಯರಿಗೆ ಪಟ್ಟಿ ಕಳಿಸಿದೆ. ಮುಂದಿನ ಭಾನುವಾರ ಅವರೇ ದೋಣಿಯಲ್ಲಿ ಬಂದು ಕುಳಿತರು. ನಸುಕಿನಲ್ಲಿ 100 ವ್ಯಾಟಿಗೆ ಕೆರಿಬಿಯನ್ ಸ್ಟೇಷನ್ ಒಂದು ಮೊದಲ ಕರೆಗೇ ಉತ್ತರ ಕೊಟ್ಟಿತು. ಅವರು ಹೆಡ್‌ಫೋನ್ ಬಿಡಲೇ ಇಲ್ಲ.

ಖರ್ಚು ನೆನಪಿದ್ದಷ್ಟು: ರಿಗ್ (ರೇಡಿಯೋ ಸೆಟ್) ಹಳೆಯದು, ಲೆಕ್ಕಕ್ಕಿಲ್ಲ. 100 ಎಎಚ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಮೂವತ್ತು ಸಾವಿರದ ಆಸುಪಾಸು. ಎರಡು ಸೋಲಾರ್ ಪ್ಯಾನೆಲ್ ಹದಿನೆಂಟು. ಕಂಬ, ವೈರು, ಬೆಂಡು, ಸರಿಯಾದ ಕೋಯಾಕ್ಸ್ ಸೇರಿ ಹದಿನೈದು. ಹಾಳಾಗಿದ್ದು ಇಪ್ಪತ್ತೈದು ಸಾವಿರಕ್ಕೆ ಕಡಿಮೆ ಇಲ್ಲ. ಚಾರ್ಜ್ ಕಂಟ್ರೋಲರ್ ಒಂದು 7 ಮೆಗಾಹರ್ಟ್ಸ್ ಪೂರ್ತಿ ಗುಂಯ್‌ಗುಡಿಸುತ್ತಿತ್ತು. ಗದ್ದಲ ತಡೆಯುವ ಫೆರೈಟ್ ಉಂಗುರಕ್ಕೆ ವೈರು ಸುತ್ತಿ ಸುತ್ತಿ ಸಾಕಾಗಿ, ರಿಗ್ ಆನ್ ಆದರೆ ಪ್ಯಾನೆಲ್ ಕತ್ತರಿಸುವ ರಿಲೇ ಹಾಕಿದೆ. ನೂರೈವತ್ತು ರೂಪಾಯಿಯಲ್ಲಿ ಮುಗಿಯಿತು.

ನಡುವೆ ಲೋರಾ (ಕಡಿಮೆ ಶಕ್ತಿಯಲ್ಲಿ ಸಣ್ಣ ಮಾಹಿತಿ ದೂರ ಕಳಿಸುವ ರೇಡಿಯೋ) ಹುಚ್ಚೂ ಹಿಡಿಯಿತು. 865 ಮೆಗಾಹರ್ಟ್ಸ್‌ನ ಪುಟ್ಟ ಮಾಡ್ಯೂಲ್ ಬ್ಯಾಟರಿ ವೋಲ್ಟೇಜನ್ನೂ ನೀರಿನ ಮಟ್ಟವನ್ನೂ ದಡದ ಮನೆಗೆ ಕಳಿಸುತ್ತದೆ. ಅದರಿಂದ ಇನ್ನೊಂದು ವಿಷಯ ಗೊತ್ತಾಯಿತು. ಜೂನ್ ಮಳೆ ಹಿಡಿದು ಹದಿನೈದು ದಿನಕ್ಕೆ, ಉಬ್ಬರ ಅಷ್ಟೇ ಇದ್ದರೂ ಯುರೋಪಿನ ರಿಪೋರ್ಟ್ ನಾಲ್ಕೈದು ಡಿಬಿ ಇಳಿದಿತ್ತು. ವೈರು ಸರಿ, ಕನೆಕ್ಟರ್ ಸರಿ. ಒಂದು ಬೊಗಸೆ ನೀರು ಬಾಯಿಗೆ ಹಾಕಿದೆ. ಸಿಹಿ! ಘಟ್ಟದ ನೀರು ಬಂದು ಉಪ್ಪನ್ನೆಲ್ಲ ಸಮುದ್ರಕ್ಕೆ ತಳ್ಳಿಬಿಟ್ಟಿತ್ತು. ಸಿಹಿ ನೀರು ಉಪ್ಪು ನೀರಿನಷ್ಟು ವಿದ್ಯುತ್ ಹರಿಸುವುದಿಲ್ಲ.

ಹಾಗಾಗಿ ಈಗ ಮೇ ಕೊನೆಗೆ ಎಲ್ಲ ಬಿಚ್ಚಿ ಮನೆಗೆ ತರುತ್ತೇನೆ. ಸಿಡಿಲು, ಪ್ರವಾಹ ಎರಡರ ಭಯವೂ ಇದೆ. ನವೆಂಬರಿನಲ್ಲಿ ನೀರು ಬಾಯಿಗೆ ಉಪ್ಪಾದ ದಿನ ಮತ್ತೆ ಕಟ್ಟುತ್ತೇನೆ. ಈ ಸಲ 80 ಮೀಟರಿಗೂ ಒಂದು ಜೋಡಿ ರೇಡಿಯಲ್ ತೇಲಿಸುವವನಿದ್ದೇನೆ. ಬೆಂಡು ಆಗಲೇ ತಂದು ಅಟ್ಟದಲ್ಲಿ ಇಟ್ಟಾಗಿದೆ.