ಕಿವಿಯ ಬಳಿ ಮೈಕ್ ಇಟ್ಟು ಕಲಿತ ಕಾನೂನು

ನಾನು ಬರೆದ ಮೊದಲ ಅಫಿಡವಿಟ್‌ನ ಕರಡು ವಕೀಲರಿಂದ ಹಿಂದಿರುಗಿ ಬಂದಾಗ ಹದಿನಾಲ್ಕು ಪುಟಗಳಲ್ಲಿ ಒಂದೇ ಒಂದು ಕೆಂಪು ಗುರುತಿತ್ತು. ನಾಲ್ಕನೇ ಪ್ಯಾರಾದಲ್ಲಿ, 'ಪಕ್ಕದಲ್ಲಿ ನಿಂತವರಿಗೆ ಸದ್ದಿನ ಹೊಡೆತವನ್ನು ತಗ್ಗಿಸುತ್ತದೆ' ಎಂದು ಬರೆದಿದ್ದೆ. 'ತಗ್ಗಿಸುತ್ತದೆ' ಎಂಬ ಪದಕ್ಕೆ ಸುತ್ತು ಹಾಕಿ, ಅಂಚಿನಲ್ಲಿ 'ಹತ್ತು ವರ್ಷ' ಎಂದಷ್ಟೇ ಗೀಚಿದ್ದರು. ಫೋನ್ ಮಾಡಿ ಕೇಳಿದೆ. ನೋಂದಣಿ ಇಲ್ಲದ ಸೈಲೆನ್ಸರ್ ಮಾಡಿದವರಿಗೆ ಅಮೆರಿಕದ ಕಾನೂನಿನಲ್ಲಿ ಹತ್ತು ವರ್ಷದವರೆಗೆ ಸೆರೆವಾಸ ಇದೆ, ಬಂದೂಕಿನ ಸದ್ದನ್ನು ತಗ್ಗಿಸಲು ಇರುವ ಯಾವುದೇ ಸಾಧನ ಸೈಲೆನ್ಸರ್ ಎಂದೇ ಅದರ ವ್ಯಾಖ್ಯೆ, ಈಗ ನೀವೇ ನಿಮ್ಮ ಕೈಯಾರೆ ಹಾಗೆಂದು ಬರೆದು ಕೊಟ್ಟಿದ್ದೀರಿ ಎಂದರು. ನಮ್ಮ ಕಕ್ಷಿದಾರ ಮಾಡುತ್ತಿದ್ದದ್ದು ಮಜಲ್ ಬ್ರೇಕ್. ಅಂದರೆ ನಳಿಕೆಯ ತುದಿಗೆ ತಿರುಪಿ ಕೂರಿಸುವ, ಕಂಡಿಗಳಿರುವ ಒಂದು ಉಕ್ಕಿನ ತುಂಡು. ಗುಂಡಿನ ಹಿಂದೆ ನುಗ್ಗುವ ಅನಿಲದ ದಿಕ್ಕು ಬದಲಿಸಿ ಬಂದೂಕಿನ ಒದೆತವನ್ನು ಕಡಿಮೆ ಮಾಡುವುದು ಅದರ ಕೆಲಸ.

ನಾನು ವಕೀಲನಲ್ಲ. ತೀರ್ಥಹಳ್ಳಿ ಕಡೆಯವನು. ಪೀಣ್ಯದ ಟೂಲ್ ರೂಮುಗಳಲ್ಲಿ ಕೈ ಕಪ್ಪು ಮಾಡಿಕೊಂಡು, ಆಮೇಲೆ ಟೆಕ್ಸಾಸ್ ಸೇರಿದ ಮೆಕ್ಯಾನಿಕಲ್ ಎಂಜಿನಿಯರ್. ಈಗ ಹೆಚ್ಚಿನ ಕೆಲಸ ವಕೀಲರಿಗೆ: ಯಂತ್ರದ ಭಾಗಗಳನ್ನು ಬಿಡಿಸಿ, ಅಳೆದು, ಅದು ಏನು ಮಾಡುತ್ತದೆ ಎಂದು ನ್ಯಾಯಾಧೀಶರಿಗೆ ಅರ್ಥವಾಗುವಂತೆ ಬರೆದುಕೊಡುವುದು. ಬಂದೂಕಿನ ಮೋಹವೇನೂ ನನಗಿಲ್ಲ. ಮನೆಯಲ್ಲಿ ತೋಟಕ್ಕೆ ನುಗ್ಗುವ ಮಂಗ, ಹಂದಿಗಳಿಗೆಂದು ಲೈಸೆನ್ಸಿನ ಒಂದು ತೋಟಾ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅಪ್ಪಯ್ಯ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಯ್ದು ಇಟ್ಟು ಬರುತ್ತಿದ್ದರು. ನನಗೆ ಗೊತ್ತಿದ್ದ ಬಂದೂಕು ಕಾನೂನು ಅಷ್ಟೇ.

ಹಸಿರು ಕಾರ್ಡು ಕೈಗೆ ಬರುವವರೆಗೆ ಈ ಕೆಲಸ ನನಗೆ ಸಿಗುವ ಹಾಗೂ ಇರಲಿಲ್ಲ. ಇಲ್ಲಿನ ರಫ್ತು ನಿಯಂತ್ರಣದ ನಿಯಮದ ಪ್ರಕಾರ ಬಂದೂಕಿನ ಭಾಗದ ತಾಂತ್ರಿಕ ನಕ್ಷೆಯನ್ನು ವಿದೇಶಿ ಪ್ರಜೆಗೆ ತೋರಿಸುವುದೂ ರಫ್ತೇ, ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತಿದ್ದರೂ ಸರಿ. ಊರಿಗೆ ಹೋಗುವಾಗ ಕೆಲಸದ ಲ್ಯಾಪ್‌ಟಾಪನ್ನು ಈಗಲೂ ಇಲ್ಲೇ ಬೀಗ ಹಾಕಿ ಇಟ್ಟು ಹೋಗುತ್ತೇನೆ.

ಕೆಂಪು ಗುರುತಿನ ಪಾಠವಾದ ಮೇಲೆ ವಕೀಲರು ನನಗೆ ಎರಡು ತೀರ್ಪುಗಳನ್ನು ಓದಲು ಕೊಟ್ಟರು. ಮೊದಲನೆಯದು ಇನ್ನೋವೇಟರ್ ಎಂಟರ್‌ಪ್ರೈಸಸ್ ಎಂಬ ತಯಾರಕರದು. ಅವರ 'ಸ್ಟೆಬಿಲೈಸರ್ ಬ್ರೇಕ್' ಸೈಲೆನ್ಸರ್ ಎಂದು ಎಟಿಎಫ್ ಪತ್ರ ಬರೆದಿತ್ತು. ಎಟಿಎಫ್ ಎಂದರೆ ಮದ್ಯ, ತಂಬಾಕು, ಬಂದೂಕು, ಸ್ಫೋಟಕಗಳ ಮೇಲೆ ಕಣ್ಣಿಟ್ಟ ಕೇಂದ್ರ ಸಂಸ್ಥೆ. ಕಾರಣ ಏನೆಂದರೆ, ಸೈಲೆನ್ಸರುಗಳಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣಗಳ ಪಟ್ಟಿಯಲ್ಲಿ ಮೂರು ಈ ತುಂಡಿನಲ್ಲಿದ್ದವು. ಸದ್ದನ್ನು ಮಾತ್ರ ಯಾರೂ ಅಳೆದಿರಲಿಲ್ಲ. 2014ರಲ್ಲಿ ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶ ಜಾನ್ ಬೇಟ್ಸ್ ಆ ಪತ್ರವನ್ನು ರದ್ದುಮಾಡಿದರು. ಬಾಲ, ಬೂದು ಚರ್ಮ, ನಾಲ್ಕು ಕಾಲು ಇದ್ದ ಮಾತ್ರಕ್ಕೆ ಇಲಿ ಆನೆಯಾಗುವುದಿಲ್ಲ ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ. ಓದಿ ನಕ್ಕೆ, ಗೆದ್ದೆವೆಂದೇ ಅಂದುಕೊಂಡೆ.

ಎರಡನೆಯದನ್ನು ಓದಿದಾಗ ನಗು ನಿಂತಿತು. ಸಿಗ್ ಸಾವರ್ ಚಿಕ್ಕ ಕಂಪನಿಯಲ್ಲ. ಅವರು ಸೈಲೆನ್ಸರಿನ ಒಳತಿರುಳನ್ನು, ಹೊರಗಿನ ಕೊಳವೆ ಇಲ್ಲದೆ, ಬಂದೂಕಿನ ನಳಿಕೆಗೆ ಬೆಸುಗೆ ಹಾಕಿ ಇದು ಮಜಲ್ ಬ್ರೇಕ್ ಎಂದರು. ಹೊರಕೊಳವೆ ಇಲ್ಲದೆ ಅದು ಸದ್ದು ತಗ್ಗಿಸದು ಎಂಬುದು ನಿಜವೇ. ಆದರೆ ಸೈಲೆನ್ಸರಿನ ಭಾಗವಾಗಲೆಂದೇ ಉದ್ದೇಶಿಸಿದ ಬಿಡಿಭಾಗವೂ ಕಾನೂನಿನ ಕಣ್ಣಿಗೆ ಸೈಲೆನ್ಸರೇ. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಎಟಿಎಫ್ ಪರವಾಗಿ ನಿಂತಿತು. ಒಂದು ಕಡೆ ವಸ್ತು ಏನು ಮಾಡುತ್ತದೆ ಎಂಬ ಪ್ರಶ್ನೆ, ಇನ್ನೊಂದು ಕಡೆ ಅದನ್ನು ಮಾಡಿದವನ ಮನಸ್ಸಿನಲ್ಲಿ ಏನಿತ್ತು ಎಂಬ ಪ್ರಶ್ನೆ. ಮೊದಲನೆಯದಕ್ಕೆ ಅಳತೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರ ಕೊಡುವುದು ನಾವು ಮೊದಲೇ ಬರೆದಿಟ್ಟ ಮಾತುಗಳು: ಜಾಹೀರಾತು, ಕೈಪಿಡಿ, ನಕ್ಷೆಯ ಮೂಲೆಯ ಟಿಪ್ಪಣಿ, ಗಿರಾಕಿಗೆ ಕಳುಹಿಸಿದ ಮಿಂಚಂಚೆ. ನಮ್ಮ ಕಕ್ಷಿದಾರನ ಹಳೆಯ ಕರಪತ್ರವನ್ನು ತೆಗೆದು ನೋಡಿದೆ. 'ನಿಮ್ಮ ಪಕ್ಕದವರು ನಿಮಗೆ ಧನ್ಯವಾದ ಹೇಳುತ್ತಾರೆ' ಎಂದಿತ್ತು. ಯಾಕೆ ಹೇಳುತ್ತಾರೆ ಎಂದು ಯಾರಾದರೂ ಕೇಳಿದರೆ ಏನೆನ್ನುವುದು?

ಅವನ ತುಂಡಿಗೆ ಮುಂದೆ ಒಂದು ತೋಳು ಇತ್ತು, ಅಂದರೆ ಅಂಗಿಯ ತೋಳಿನಂತೆ ಬ್ರೇಕನ್ನು ಸುತ್ತುವ ಕೊಳವೆ. ಸಾಮಾನ್ಯ ಬ್ರೇಕು ಅನಿಲವನ್ನು ಎಡಬಲಕ್ಕೆ ಉಗುಳುತ್ತದೆ, ಸಾಲಿನಲ್ಲಿ ನಿಂತ ಪಕ್ಕದವನ ಮುಖಕ್ಕೆ ಕೆನ್ನೆಗೆ ಬಾರಿಸಿದ ಹಾಗೆ ಗಾಳಿ ಬಡಿಯುತ್ತದೆ. ಈ ತೋಳು ಆ ಗಾಳಿಯನ್ನು ಮುಂದಕ್ಕೆ ತಿರುಗಿಸುತ್ತಿತ್ತು. ಸದ್ದು ಒಟ್ಟಾರೆ ಕಡಿಮೆಯಾಗುತ್ತದೆಯೇ, ಬರೀ ದಿಕ್ಕು ಬದಲಾಗುತ್ತದೆಯೇ? ಅದನ್ನು ಅಳೆಯಬೇಕಿತ್ತು.

ಮೊದಲ ದಿನದ ಅಳತೆ ಪೂರ್ತಿ ಕಸದ ಬುಟ್ಟಿಗೆ ಹೋಯಿತು, ತಪ್ಪು ನನ್ನದೇ. ಜೂನ್ ತಿಂಗಳ ಟೆಕ್ಸಾಸ್ ಬಿಸಿಲಿಗೆ ಹೆದರಿ ತಗಡಿನ ಮಾಡಿನ ಕೆಳಗೆ ಬೆಂಚು ಹಾಕಿದ್ದೆ. ತಗಡು ಪ್ರತಿ ಗುಂಡಿನ ಸದ್ದನ್ನೂ ಹಿಂದಕ್ಕೆ ಎರಚಿ, ಬೋಳು ನಳಿಕೆಗೂ ಬ್ರೇಕಿಗೂ ವ್ಯತ್ಯಾಸವೇ ಗೊತ್ತಾಗದಂತೆ ಮಾಡಿತು. ಅದರ ಮೇಲೆ ಬಾಡಿಗೆಗೆ ತಂದ ಮೀಟರು ಕಾರ್ಖಾನೆಯ ಗದ್ದಲ ಅಳೆಯುವ ಬಗೆಯದು. ಗುಂಡಿನ ಸದ್ದು ಕಣ್ಣು ಮಿಟುಕಿಸುವುದಕ್ಕೂ ಎಷ್ಟೋ ಮೊದಲೇ ಏರಿ ಇಳಿದಿರುತ್ತದೆ. ನಿಧಾನದ ಮೀಟರು ಆ ತುದಿಯನ್ನು ನೋಡುವುದೇ ಇಲ್ಲ, ಸುಮ್ಮನೆ ಕಡಿಮೆ ಅಂಕಿ ತೋರಿಸುತ್ತದೆ. ಆ ಅಂಕಿಗಳನ್ನು ಯಾರಾದರೂ ನ್ಯಾಯಾಲಯಕ್ಕೆ ಕೊಟ್ಟಿದ್ದರೆ ಬೋಳು ನಳಿಕೆಯೇ ಸೈಲೆನ್ಸರ್ ಎನಿಸಿಕೊಳ್ಳುತ್ತಿತ್ತು.

ಎರಡನೇ ಸಲ ಬಯಲಿನಲ್ಲಿ, ಬೆಳಿಗ್ಗೆ ಗಾಳಿ ಏಳುವ ಮೊದಲು. ಸೇನೆಯ ಮಾನದಂಡದಂತೆ ನಳಿಕೆಯ ಬಾಯಿಯಿಂದ ಎಡಕ್ಕೆ ಒಂದು ಮೀಟರ್ ದೂರ, ನೆಲದಿಂದ 1.6 ಮೀಟರ್ ಎತ್ತರದಲ್ಲಿ ಒಂದು ಮೈಕು. ಗುಂಡು ಹಾರಿಸುವವನ ಕಿವಿಯ ಬಳಿ ಇನ್ನೊಂದು. ಪಕ್ಕದ ಬೆಂಚಿನ ಜಾಗದಲ್ಲಿ ಮತ್ತೊಂದು, ಮುಂದುಗಡೆ ಓರೆಯಾಗಿ ಕೊನೆಯದು. ಒಂದೇ ಪೆಟ್ಟಿಗೆಯ ತೋಟೆಗಳು. ಬೋಳು ನಳಿಕೆ, ಸಾಮಾನ್ಯ ಬ್ರೇಕು, ತೋಳಿರುವ ಬ್ರೇಕು, ತಲಾ ಹತ್ತು ಗುಂಡು. ಆಮೇಲೆ ಅದೇ ಮೂರನ್ನೂ ಹಿಂದುಮುಂದಾಗಿ ಇನ್ನೊಮ್ಮೆ. ಪುಸ್ತಕದಲ್ಲಿ ಬರೆಯುತ್ತಿದ್ದ ನನ್ನ ಕೈಬೆರಳು ಪ್ರತಿ ಸಲವೂ ಬೆಚ್ಚಿ ಅಕ್ಷರ ಜಿಗಿಯುತ್ತಿತ್ತು, ಕಿವಿಗೆ ಎರಡು ಪದರ ಮುಚ್ಚಿಕೊಂಡಿದ್ದರೂ.

ಬೋಳು ನಳಿಕೆಗಿಂತ ಸಾಮಾನ್ಯ ಬ್ರೇಕು ಕಿವಿಯ ಬಳಿ ಜೋರು, ಇದು ನಿರೀಕ್ಷಿಸಿದ್ದೇ. ತೋಳಿರುವುದು ಮುಂದುಗಡೆ ಎಲ್ಲಕ್ಕಿಂತ ಜೋರು. ಕಿವಿಯ ಬಳಿ ಬೋಳು ನಳಿಕೆಗೆ ಹೆಚ್ಚುಕಡಿಮೆ ಸಮ. ಪಕ್ಕದ ಬೆಂಚಿನಲ್ಲಿ ಮಾತ್ರ ಬೋಳು ನಳಿಕೆಗಿಂತ ಒಂದಿಷ್ಟು ಕಡಿಮೆ. ಕಕ್ಷಿದಾರ ಆ ಕೊನೆಯ ಸಾಲನ್ನು ನೋಡಿ, 'ಇದನ್ನು ಬರೆಯಲೇಬೇಕೇ?' ಎಂದ. ವಕೀಲರು ನನ್ನ ಮುಖ ನೋಡಿದರು. ಬರೆದೆ. ಸುಳ್ಳಾದರೆ ಶಿಕ್ಷೆಗೆ ಒಪ್ಪಿದ್ದೇನೆ ಎಂದು ಕೊನೆಯಲ್ಲಿ ಸಹಿ ಹಾಕುವವನು ನಾನು, ಅಲ್ಲದೆ ಎದುರು ಪಕ್ಷದ ತಜ್ಞ ಮೈಕನ್ನು ಮೊದಲು ಇಡುವುದೇ ಆ ಜಾಗದಲ್ಲಿ. 'ತಗ್ಗಿಸುತ್ತದೆ' ಹೋಗಿ 'ಅನಿಲವನ್ನು ಮುಂದಕ್ಕೆ ತಿರುಗಿಸುತ್ತದೆ' ಬಂತು. ಅದರ ಕೆಳಗೆ ನಾಲ್ಕೂ ಜಾಗದ ಅಂಕಿಗಳು, ವಿಶೇಷಣವಿಲ್ಲದೆ.

ಇಷ್ಟೆಲ್ಲ ಮೊದಲೇ ಯಾಕೆ, ನ್ಯಾಯಾಲಯಕ್ಕೆ ಹೋದ ಮೇಲೆ ಅಳೆದರಾಗದೇ ಎಂದು ನಾನೂ ಕೇಳಿದ್ದೆ. ಆಗುವುದಿಲ್ಲ. 1946ರ ಆಡಳಿತ ಪ್ರಕ್ರಿಯಾ ಕಾಯಿದೆಯಡಿ ನ್ಯಾಯಾಧೀಶರು ಸಾಮಾನ್ಯವಾಗಿ ನೋಡುವುದು ನಿರ್ಧಾರ ತೆಗೆದುಕೊಂಡ ದಿನ ಅಧಿಕಾರಿಯ ಕಡತದಲ್ಲಿ ಏನಿತ್ತು ಎಂಬುದನ್ನು. ಕಡತದಲ್ಲಿ ನಮ್ಮ ಅಳತೆ ಇಲ್ಲದಿದ್ದರೆ, ಅದನ್ನು ಗಮನಿಸಲಿಲ್ಲ ಎಂದು ದೂರುವುದಾದರೂ ಹೇಗೆ? ತುಂಡನ್ನು ಪರಿಶೀಲನೆಗೆಂದು ಎಟಿಎಫ್‌ಗೆ ಕಳುಹಿಸುವ ಪೆಟ್ಟಿಗೆಯಲ್ಲೇ ವರದಿಯೂ ಹೋಗಬೇಕು, ಕಳುಹಿಸಿದ್ದಕ್ಕೆ ರಸೀದಿಯೂ ಇರಬೇಕು.

ಒಪ್ಪಿಗೆಯ ಪತ್ರ ಸಿಕ್ಕಿತೆಂದು ನೆಮ್ಮದಿಯಾಗಿ ಮಲಗುವಂತೆಯೂ ಇಲ್ಲ. ಒದೆತದ ಬಲದಿಂದಲೇ ಗುಂಡುಗಳನ್ನು ಬೇಗ ಬೇಗ ಹಾರಿಸಲು ನೆರವಾಗುವ ಅಕಿನ್ಸ್ ಆಕ್ಸೆಲರೇಟರ್ ಎಂಬ ಸಾಧನಕ್ಕೆ ಮೊದಲು ಹೌದೆಂದ ಎಟಿಎಫ್ 2006ರಲ್ಲಿ ಮಾತು ತಿರುಗಿಸಿತು. ಒಳಗಿದ್ದ ಸ್ಪ್ರಿಂಗ್‌ನಿಂದಾಗಿ ಅದು ಮೆಷಿನ್‌ಗನ್ ಎಂದಿತು. ತಯಾರಕ ಹೋರಾಡಿ 2009ರಲ್ಲಿ ಸೋತ. ಸ್ಪ್ರಿಂಗ್ ಇಲ್ಲದ ಬಂಪ್ ಸ್ಟಾಕಿಗೆ, ಅಂದರೆ ಒದೆತಕ್ಕೆ ಬಂದೂಕು ಹಿಂದೆಮುಂದೆ ಜಾರಿ ಟ್ರಿಗರು ಬೆರಳಿಗೆ ಮತ್ತೆ ಮತ್ತೆ ತಾಗುವಂತೆ ಮಾಡುವ ಹಿಂಬದಿಯ ಹಿಡಿಗೆ, 2010ರಲ್ಲಿ ಟೆಕ್ಸಾಸಿನ ಮೋರನ್ ಎಂಬ ಸಣ್ಣ ಊರಿನ ಸ್ಲೈಡ್ ಫೈರ್ ಕಂಪನಿಗೆ ಒಪ್ಪಿಗೆ ಸಿಕ್ಕಿತು. 2017ರ ಅಕ್ಟೋಬರ್ 1ರ ರಾತ್ರಿ ಲಾಸ್ ವೇಗಸ್ಸಿನ ಸಂಗೀತ ಕಾರ್ಯಕ್ರಮದ ಮೇಲೆ ಒಬ್ಬ ಬಂಪ್ ಸ್ಟಾಕ್ ಕೂರಿಸಿದ ಬಂದೂಕುಗಳಿಂದ ಗುಂಡಿನ ಮಳೆ ಸುರಿಸಿದ. ಸತ್ತವರ ಲೆಕ್ಕ ಮೊದಲು 58, ಗಾಯದಿಂದ ಆಮೇಲೆ ತೀರಿಕೊಂಡವರೂ ಸೇರಿ 60. ಮುಂದಿನ ವರ್ಷ ಸ್ಲೈಡ್ ಫೈರ್ ಮಾರಾಟ ನಿಲ್ಲಿಸಿತು, ವರ್ಷದ ಕೊನೆಗೆ ಹೊಸ ನಿಯಮ ಬಂತು: 90 ದಿನಗಳಲ್ಲಿ ನಾಶಮಾಡಿ, ಇಲ್ಲವೇ ಒಪ್ಪಿಸಿ. ಪರಿಹಾರ ಕೇಳಿ ಹೋದವರಿಗೆ 2021ರಲ್ಲಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯದಲ್ಲಿ ಬಿಡಿಗಾಸೂ ದಕ್ಕಲಿಲ್ಲ.

ಆಸ್ಟಿನ್ ನಗರದ ಬಂದೂಕು ವ್ಯಾಪಾರಿ ಮೈಕಲ್ ಕಾರ್ಗಿಲ್ ತನ್ನ ಎರಡು ಬಂಪ್ ಸ್ಟಾಕುಗಳನ್ನು ಒಪ್ಪಿಸಿ ದಾವೆ ಹೂಡಿದರು. 2024ರ ಜೂನ್ 14ರಂದು ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ನಿಯಮವನ್ನು ತಳ್ಳಿಹಾಕಿತು. 1934ರ ಕಾಯಿದೆಯ ಪ್ರಕಾರ ಟ್ರಿಗರಿನ 'ಒಂದೇ ಕ್ರಿಯೆ'ಯಿಂದ ತಾನಾಗಿ ಒಂದಕ್ಕಿಂತ ಹೆಚ್ಚು ಗುಂಡು ಹಾರಿದರೆ ಅದು ಮೆಷಿನ್‌ಗನ್. ಬಂಪ್ ಸ್ಟಾಕಿನಲ್ಲಿ ಪ್ರತಿ ಗುಂಡಿಗೂ ಟ್ರಿಗರ್ ಹಿಂದೆ ಬಂದು ಮತ್ತೆ ಕೂರುತ್ತದೆ ಎಂದು ನ್ಯಾಯಮೂರ್ತಿ ಥಾಮಸ್ ಬರೆದರು, ತೀರ್ಪಿನೊಳಗೆ ಟ್ರಿಗರಿನ ಚಿತ್ರಗಳನ್ನೇ ಹಾಕಿ. ದೇಶದ ಅತ್ಯುನ್ನತ ನ್ಯಾಯಾಲಯದ ತೀರ್ಪಿನಲ್ಲಿ ಕೊಕ್ಕೆ, ಸುತ್ತಿಗೆ, ಸ್ಪ್ರಿಂಗುಗಳ ನಕ್ಷೆ ಕಂಡು ನನ್ನಂಥವನಿಗೆ ಹಬ್ಬವೇ ಆಗಬೇಕಿತ್ತು, ಆಯಿತು ಕೂಡ. ಆದರೆ ನ್ಯಾಯಮೂರ್ತಿ ಸೋಟೊಮೇಯರ್ ಅವರ ಭಿನ್ನಮತ ಓದಿದಾಗ ಆ ಹಬ್ಬ ಅರ್ಧಕ್ಕೆ ನಿಂತಿತು. ಬಾತುಕೋಳಿಯಂತೆ ನಡೆದು, ಈಜಿ, ಕೂಗುವ ಹಕ್ಕಿಯನ್ನು ಬಾತುಕೋಳಿ ಎಂದೇ ಕರೆಯುತ್ತೇನೆ ಎಂದರು ಅವರು. ಇಲಿ, ಆನೆ, ಬಾತುಕೋಳಿ: ಬಂದೂಕಿನ ಮೊಕದ್ದಮೆಗಳಲ್ಲಿ ಅಜ್ಜಿ ಕಥೆಯ ಪ್ರಾಣಿಗಳೆಲ್ಲ ಇವೆ. ನಕ್ಷೆಯ ಮಟ್ಟಿಗೆ ಥಾಮಸ್ ಹೇಳಿದ್ದು ಸರಿ ಎಂದು ಇವತ್ತೂ ಸಹಿ ಹಾಕುತ್ತೇನೆ. ಆ ರಾತ್ರಿ ಆ ಮೈದಾನದಲ್ಲಿದ್ದವರ ಎದುರು ಆ ನಕ್ಷೆ ಹಿಡಿದು ನಿಲ್ಲು ಎಂದರೆ ನನ್ನಿಂದಾಗದು.

ತಯಾರಕರೇ ಯಾವಾಗಲೂ ಗೆಲ್ಲುತ್ತಾರೆ ಎಂದುಕೊಳ್ಳಬೇಡಿ. ಮನೆಯಲ್ಲೇ ಜೋಡಿಸುವ ಕೆಲವು ಕಿಟ್‌ಗಳನ್ನೂ ಬಂದೂಕೆಂದೇ ಎಣಿಸುವ ಎಟಿಎಫ್ ನಿಯಮವನ್ನು 2025ರ ಮಾರ್ಚ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ 7-2ರಿಂದ ಎತ್ತಿಹಿಡಿಯಿತು. ಪಿಸ್ತೂಲಿನ ಬ್ರೇಸ್, ಅಂದರೆ ಪಿಸ್ತೂಲನ್ನು ಮುಂಗೈಗೆ ಆನಿಸಿ ಹಿಡಿಯುವ ಆಸರೆ, ಅದರ ಮೇಲಿನ ನಿಯಮವಂತೂ ಯಂತ್ರದ ವಿಷಯಕ್ಕಿಂತ ಹೆಚ್ಚಾಗಿ ಕ್ರಮದ ವಿಷಯದಲ್ಲಿ ಬಿತ್ತು: ಕರಡಿನಲ್ಲಿ ಅಂಕ ಹಾಕುವ ಪಟ್ಟಿಯೊಂದನ್ನು ತೋರಿಸಿ ಜನರ ಅಭಿಪ್ರಾಯ ಕೇಳಿ, ಅಂತಿಮ ನಿಯಮದಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟಿದ್ದರು.

ನಮ್ಮ ಕಕ್ಷಿದಾರನ ಕಥೆ ಇಷ್ಟು ದೂರ ಹೋಗಲೇ ಇಲ್ಲ. ವರದಿ ಸಿದ್ಧವಾದ ವಾರ ವಕೀಲರು ಮೊಕದ್ದಮೆಗೆ ಆಗಬಹುದಾದ ಖರ್ಚಿನ ಅಂದಾಜು ಕೊಟ್ಟರು. ಅವನು ಆ ಹಾಳೆಯನ್ನು ಅಂಗಡಿಯ ಗೋಡೆಗೆ ಅಂಟಿಸಿ ಎರಡು ದಿನ ನೋಡಿದ. ಮೂರನೇ ದಿನ ಕರೆದು, ಇದೇ ದುಡ್ಡಿಗೆ ಹೊಸ ಮಿಲ್ಲಿಂಗ್ ಯಂತ್ರ ಬರುತ್ತದೆ, ತೋಳನ್ನು ಕತ್ತರಿಸಿಬಿಡೋಣ ಎಂದ. ಈಗ ಸಾಮಾನ್ಯ ಬ್ರೇಕು ಮಾರುತ್ತಾನೆ. ಪಕ್ಕದವರು ಧನ್ಯವಾದ ಹೇಳುವ ಕರಪತ್ರವೂ ಹೋಯಿತು. ಕತ್ತರಿಸಿದ ತೋಳುಗಳಲ್ಲಿ ಒಂದನ್ನು ನೆನಪಿಗೆ ಕೇಳಿದೆ, ವಕೀಲರು ಬೇಡವೆಂದರು.

ಆ ವಾರವೇ ಅಪ್ಪಯ್ಯನ ಫೋನು ಬಂದಿತ್ತು. ಚುನಾವಣೆ, ಕೋವಿ ಠಾಣೆಯಲ್ಲಿ, ಅಡಿಕೆ ತೋಟದಲ್ಲಿ ಮಂಗಗಳ ರಾಜ್ಯ. ಇಲ್ಲಿ ಬಂಪ್ ಸ್ಟಾಕ್ ಒಪ್ಪಿಸಿದವರ ಕಥೆಯನ್ನು ಅವರಿಗೆ ಹೇಳಿದೆ. ಪೂರ್ತಿ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ: 'ರಸೀದಿ ಕೊಟ್ಟಿದ್ದರೇನೋ?'