ಹಳೆಯ ಕನ್ಸರ್ಟಿನಾ ಕೊಳ್ಳುವ ಮುನ್ನ ತಿದಿಯ ಪರೀಕ್ಷೆ

ವೀಟ್‌ಸ್ಟನ್ ಅಥವಾ ಲಾಷೆನಲ್ ಕಂಪನಿಯ ಹಳೆಯ ಕನ್ಸರ್ಟಿನಾ (ಎರಡು ಕೈಗಳ ನಡುವೆ ತಿದಿಯನ್ನು ಹಿಗ್ಗಿಸಿ ಕುಗ್ಗಿಸಿ, ತುದಿಗಳಲ್ಲಿನ ಗುಂಡಿಗಳನ್ನೊತ್ತಿ ನುಡಿಸುವ ವಾದ್ಯ) ಕೊಳ್ಳುವ ಮುನ್ನ, ಯಾವ ಗುಂಡಿಯನ್ನೂ ಒತ್ತದೆ ಅದರ ಒಂದು ತುದಿಯನ್ನು ಹಿಡಿದು, ಕೆಳಗೆ ಇನ್ನೊಂದು ಕೈಯನ್ನು ಒಡ್ಡಿ ತೂಗುಬಿಡಿ. ಕೆಳತುದಿ ತನ್ನ ಭಾರಕ್ಕೆ ಮೆಲ್ಲನೆ ಇಳಿದರೆ ವಾದ್ಯ ಗಾಳಿಬಿಗಿಯಾಗಿದೆ, ಸರ್ರನೆ ಜಾರಿದರೆ ಸೋರುತ್ತಿದೆ. ಗುಂಡಿ ಒತ್ತದೆ ಸ್ವರದ ರಂಧ್ರಗಳೆಲ್ಲ ಮುಚ್ಚಿರುವಾಗ ಗಾಳಿಗೆ ಸೋರಿಕೆಯ ಹೊರತು ಬೇರೆ ದಾರಿಯಿಲ್ಲ. ಇಳಿಯುವಾಗ ಬರಿಯ ಸುಸ್ಸೆಂಬ ಸದ್ದು ಬಂದರೆ ತಿದಿಯ ಮೂಲೆಗಳ ಚರ್ಮ ಸವೆದಿರುವ ಸಂಭವ ಹೆಚ್ಚು; ಒತ್ತದ ಸ್ವರವೊಂದು ಸಣ್ಣಗೆ ನರಳಿದರೆ ಆ ಗುಂಡಿಯ ಪ್ಯಾಡ್ (ರಂಧ್ರವನ್ನು ಮುಚ್ಚುವ ಮೆತ್ತೆ) ಸರಿಯಾಗಿ ಕೂತಿಲ್ಲವೆಂದು ತಿಳಿಯಿರಿ, ಅದು ಸಣ್ಣ ದುರಸ್ತಿಯಾದರೂ ಚೌಕಾಸಿಗೆ ಒಳ್ಳೆಯ ನೆಪ. ಹೊಸ ತಿದಿ ಹಾಕಿಸಿದ ವಾದ್ಯಗಳಲ್ಲಿ ಮಡಿಕೆಗಳ ಬಿರುಸೇ ಸೋರಿಕೆಯನ್ನು ಮರೆಮಾಚುವುದರಿಂದ ಈ ಪರೀಕ್ಷೆಯನ್ನು ನಂಬಲಾಗದು. ರೀಡ್‌ಗಳ, ಎಂದರೆ ಗಾಳಿಗೆ ಕಂಪಿಸಿ ಸ್ವರ ಹೊಮ್ಮಿಸುವ ಲೋಹದ ಪಟ್ಟಿಗಳ, ತುಕ್ಕಾಗಲಿ, ಶ್ರುತಿ ಇಂದಿನ ಮಟ್ಟಕ್ಕೆ ಹೊಂದುತ್ತದೆಯೇ ಎಂಬುದಾಗಲಿ ಇದರಿಂದ ತಿಳಿಯುವುದಿಲ್ಲ.